ಟಂಬಲ್ ಡ್ರೈ

ಮೂರು ದಿನದ ಕಾರ್ಯಾಗಾರ. ಬಳ್ಳಾರಿ ಡಯಟ್ಟಿನ ಮೇಲಂತಸ್ತು.
ಫ್ಯಾನು ನಾಲ್ಕು, ತಿರುಗುವುದು ಎರಡು.
ಐದನೇ ಕ್ಲಾಸಿನ ಮಗು ಇಂಗ್ಲಿಷಿನಲ್ಲಿ
ಏನು ಓದಬೇಕು, ಎಷ್ಟು ಬರೆಯಬೇಕು, ಎಲ್ಲಿ ತಡವರಿಸಬಹುದು
ಎಂದು ನಾವು ಮೂವತ್ತಾರು ಮಂದಿ
ಹಾಳೆಯ ಮೇಲೆ ಗೆರೆ ಹೊಡೆಯುತ್ತ ಕೂತಿದ್ದೆವು.

ಮಾನದಂಡ ಎನ್ನುತ್ತಾರೆ ಇದಕ್ಕೆ.
ಮಾನ ಯಾರದು, ದಂಡ ಯಾರಿಗೆ, ಎಂದು
ಹಿಂದಿನ ಬೆಂಚಿನಿಂದ ಎರ್ರಿಸ್ವಾಮಿ ಗೊಣಗಿದ.
ನಕ್ಕೆವು. ಚಹಾ ಬಂತು.

ನನಗೆ ಮುಬೀನಾಳ ನೆನಪು.
ಕೌಲ್ ಬಜಾರಿನ ಓಣಿ, ಎರಡು ಹೊಲಿಗೆ ಮಿಷಿನ್ನು, ನೀಲಿ ದಾರದ ಧೂಳು.
ಅವಳ ಅಮ್ಮಿ ಖೈರುನ್ನೀಸಾ ಜೀನ್ಸಿನ ಸೊಂಟಕ್ಕೆ ಲೇಬಲ್ಲು ಕೂಡಿಸುತ್ತಾಳೆ,
ಪೀಸಿಗೆ ಇಷ್ಟು ಪೈಸೆ;
ಎದುರು ಕೂತು ದಾರ ಕತ್ತರಿಸುವ ಮಗಳಿಗೆ
ಅಕ್ಷರಗಳೆಲ್ಲ ತಲೆಕೆಳಗು.
ಓದಲು ಕಲಿತದ್ದೇ ಹಾಗೆ.
ಪುಸ್ತಕ ಕೊಟ್ಟರೆ ತಿರುಗಿಸಿ ಹಿಡಿದು ಗಡಗಡ ಓದುತ್ತಾಳೆ;
ನೆಟ್ಟಗೆ ಹಿಡಿಸಿದರೆ
ಬಸ್ಸು ತಪ್ಪಿದವಳ ಹಾಗೆ ನಿಲ್ಲುತ್ತಾಳೆ.
ಇದಕ್ಕೆ ಯಾವ ಕಾಲಮ್ಮು?
'ಸರಳ ಪದಗಳನ್ನು ಗುರುತಿಸುವಳು.' ಹೌದು.
ಯಾವ ದಿಕ್ಕಿನಿಂದ ಎಂದು ಹಾಳೆ ಕೇಳುವುದಿಲ್ಲ.

ಎರಡನೆಯ ದಿನ ಊಟದ ಮೇಲೆ ಹಾಳೆ ತಿರುವಿದೆವು:
ಶಿಕ್ಷಕರ ಮಟ್ಟ.
ಆಗ ಕೇಳಿಸಿತು ಆ ಎರಡು ಫ್ಯಾನಿನ ಸದ್ದು.

ಮಕ್ಕಳಿಗೆ ಗೆರೆ ಹಾಕುವಾಗ ಇದ್ದ ಕೈಯ ಜೋರು ಎಲ್ಲಿ ಹೋಯಿತು?
ದೊಡ್ಡಬಸಮ್ಮ ಟೀಚರು ಪೆನ್ನಿನ ಟೋಪಿ ಕಚ್ಚುತ್ತಿದ್ದರು.
'ಉಚ್ಚಾರ ಸ್ಪಷ್ಟ' ಎಂಬಲ್ಲಿ ನಾನು ನಿಂತೆ.
ಇಪ್ಪತ್ಮೂರು ವರ್ಷ ಇಸ್ಕೂಲು ಅಂದವನು,
ಇಸ್ಟೂಲಿನ ಮೇಲೆ ಕೂತು ಇಸ್ಪೆಲ್ಲಿಂಗು ಕೇಳಿದವನು.
ಮನೆಯಲ್ಲಿ ತೆಲುಗು, ಓಣಿಯಲ್ಲಿ ಉರ್ದು,
ಹಾಜರಿ ಪುಸ್ತಕದಲ್ಲಿ ಕನ್ನಡ;
ಇಂಗ್ಲಿಷು ನನಗೆ ಅಂಗಿಯ ಮೇಲುಗುಂಡಿ,
ಸಾಹೇಬರು ಬಂದಾಗ ಮಾತ್ರ ಹಾಕಿಕೊಳ್ಳುವುದು.

ಹೋದ ತಿಂಗಳು ಮುಬೀನಾ ಲೇಬಲ್ಲೊಂದನ್ನು
ಕಂಪಾಸು ಪೆಟ್ಟಿಗೆಯಲ್ಲಿಟ್ಟು ತಂದಿದ್ದಳು.
"ಸಾರ್, ಟಂಬಲ್ ಡ್ರೈ ಅಂದ್ರೇನು?"
ಡ್ರೈ ಗೊತ್ತು. ಬಳ್ಳಾರಿಯವನಿಗೆ ಡ್ರೈ ಹೇಳಿಕೊಡಬೇಕೆ?
ಟಂಬಲ್ ಗೊತ್ತಿರಲಿಲ್ಲ.
ನಾಳೆ ಹೇಳ್ತೀನಿ ಕೂತ್ಕಾ, ಅಂದೆ.
ಆ ನಾಳೆ ಇನ್ನೂ ನನ್ನ ಜೇಬಿನಲ್ಲಿತ್ತು
ಲೇಬಲ್ಲಿನ ಜೊತೆ, ಅಂಗಿಯೊಂದಿಗೆ ಒಗೆಸಿಕೊಂಡು, ಮಾಸಿ.

ಹಾಳೆಯ ಕೊನೆಗೆ ಬರೆದೆ:
'ಗೊತ್ತಿಲ್ಲ ಎಂಬುದನ್ನು ಶಿಕ್ಷಕರು ಇಂಗ್ಲಿಷಿನಲ್ಲಿ,
ದನಿ ತಗ್ಗಿಸದೆ, ಮಕ್ಕಳೆದುರು ಹೇಳಬಲ್ಲರು.'
ಸಂಪನ್ಮೂಲ ವ್ಯಕ್ತಿ ಕನ್ನಡಕ ಏರಿಸಿದರು.
"ಚೆಂದ ಐತ್ರಿ. ಆದರೆ ಅಳೆಯೋದು ಹೆಂಗ?"
ಕೆಂಪು ಶಾಯಿ ಮೆತ್ತಗೆ ಅಡ್ಡ ಹಾದುಹೋಯಿತು.
ಅವರ ತಪ್ಪೂ ಅಲ್ಲ. ಕಾಲಮ್ಮಿಗೆ ಅಂಕೆ ಬೇಕು.
ಮೂರನೆಯ ದಿನ ಪ್ರಮಾಣಪತ್ರ, ಗ್ರೂಪ್ ಫೋಟೋ, ಭತ್ಯೆಯ ಸಹಿ.

ಸೋಮವಾರ. ನಲವತ್ತೊಂದು ಮಕ್ಕಳು.
ಲೇಬಲ್ಲು ಎತ್ತಿ ಹಿಡಿದೆ. ಟಂಬಲ್, ಅಂದೆ.
ಮೇಲುಗುಂಡಿ ಬಿಚ್ಚಿಯೇ ಇತ್ತು.
"ಐ ಡೋಂಟ್ ನೋ."

ನಾನು ಏನಂದರೂ ತಿರುಗಿ ಅನ್ನುವ ರೂಢಿ ಅವರಿಗೆ;
ಇಡೀ ಕ್ಲಾಸು ಒಂದೇ ದನಿಯಲ್ಲಿ, ತಗಡು ಅದುರುವಂತೆ,
ಐ ಡೋಂಟ್ ನೋ, ಎಂದಿತು.
ಈ ವರ್ಷ ಅವರಾಡಿದ ವಾಕ್ಯಗಳಲ್ಲಿ
ಇಷ್ಟು ನೆಟ್ಟಗೆ ನಿಂತದ್ದು ಇನ್ನೊಂದಿಲ್ಲ.

ಡಿಕ್ಷನರಿ ತೆಗೆದೆ. 'ಟಿ'ಯ ಹಾಳೆಗಳಲ್ಲಿ ತಡಕಾಡುವಾಗ
ಮೇಜಿನ ಆಚೆ ನಿಂತ ಮುಬೀನಾ
ತಲೆಕೆಳಗಿನಿಂದಲೇ ಬೆರಳಿಟ್ಟಳು, ನನಗಿಂತ ಮೊದಲು:
"ಇಲ್ಲೈತೆ ಸಾರ್."

ಉರುಳು, ಪಲ್ಟಿ ಹೊಡೆ, ಎಂದಿತ್ತು.
"ಬಟ್ಟೆ ಒಣಗೋಕೆ ಪಲ್ಟಿ ಯಾಕೆ ಹೊಡೀಬೇಕು ಸಾರ್?"
ಹಿಂದಿನ ಸಾಲಿನಿಂದ ಯಾರೋ.
ಕಿಟಕಿಯಾಚೆ, ತಂತಿಯ ಮೇಲೆ, ಬಿಸಿಯೂಟದವರ ಟವೆಲ್ಲು
ಹಪ್ಪಳದಂತೆ ಒಣಗಿ ನಿಂತಿತ್ತು.
ಕಲಿತ ವಾಕ್ಯವನ್ನೇ ಮತ್ತೆ ಹೇಳಿದೆ.